ಜೇಮ್ಸ್ ಲೆಗ್ ಮತ್ತು ಚೀನಾದ ಪ್ರಾಚೀನ ಗ್ರಂಥಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಹಳೆಯ ಗ್ರಂಥಗಳ ಬಗ್ಗೆ ಮಾತನಾಡುವಾಗಲೆಲ್ಲ ನಾನು ಜೇಮ್ಸ್ ಲೆಗ್ ಅವರ ಹೆಸರು ಎತ್ತುತ್ತೇನೆ. ಹಾಗಾಗಿ ಕೆಲವು ಪ್ರಶ್ನೆಗಳು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮರಳಿ ಮರಳಿ ಬರುತ್ತವೆ. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಮೊದಲಿನವು ಹೊಸಬರಿಗೆ. ಸ್ವಲ್ಪ ಓದಿಕೊಂಡವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಈ ಲೆಗ್ ಅಂದ್ರೆ ಯಾರು? ಹೆಸರೇ ಕೇಳಿಲ್ಲವಲ್ಲ!

ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅವರ ಕೆಲಸ ನಿಮ್ಮವರೆಗೆ ಬಂದಿರುವ ಸಾಧ್ಯತೆ ಹೆಚ್ಚು. ಕನ್ಫ್ಯೂಷಿಯಸ್ ಹೇಳಿದ್ದೆಂದು ಇಂಗ್ಲಿಷಿನಲ್ಲಿ ಓಡಾಡುವ ಅನೇಕ ಮಾತುಗಳ ಹಿಂದೆ ಲೆಗ್ ಅವರ ಅನುವಾದವಿದೆ.

ಅವರು ಹುಟ್ಟಿದ್ದು 1815ರ ಡಿಸೆಂಬರ್ 20ರಂದು, ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಹಂಟ್ಲಿ ಎಂಬ ಚಿಕ್ಕ ಊರಿನಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಪರವಾಗಿ ಪೂರ್ವಕ್ಕೆ ಹೊರಟಾಗ ವಯಸ್ಸು ಇಪ್ಪತ್ತಮೂರು. ಮಲಾಕ್ಕಾ (ಇಂದಿನ ಮಲೇಷ್ಯಾದಲ್ಲಿದೆ), ಹಾಂಗ್‌ಕಾಂಗ್‌ಗಳಲ್ಲಿ ಸುಮಾರು ಮೂವತ್ತು ವರ್ಷ ಕಳೆದು, 1876ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮೊದಲ ಚೀನೀ ಪ್ರಾಧ್ಯಾಪಕರಾದರು. 1897ರ ನವೆಂಬರ್ 29ರಂದು ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲೇ ಇದ್ದರು. ಒಬ್ಬ ಮನುಷ್ಯ ಒಂದೇ ನಾಗರಿಕತೆಯ ಗ್ರಂಥಗಳ ಮುಂದೆ ಹೆಚ್ಚುಕಡಿಮೆ ಅರವತ್ತು ವರ್ಷ ಕುಳಿತ ಉದಾಹರಣೆ ಇದು. ನನಗೆ ಅವರ ಮೇಲಿರುವ ಗೌರವ ಅಲ್ಲಿಂದಲೇ ಶುರುವಾಗುತ್ತದೆ.

ಚೀನಾಕ್ಕೆ ಹೋಗಬೇಕಾದವರು ಮಲಾಕ್ಕಾಕ್ಕೆ ಯಾಕೆ ಹೋದರು?

ಆಗ ಚೀನಾದ ಬಾಗಿಲು ಮುಚ್ಚಿತ್ತು. ಪಾಶ್ಚಾತ್ಯರಿಗೆ ವ್ಯಾಪಾರ ಮಾಡಲು ಅವಕಾಶವಿದ್ದದ್ದು ಕ್ಯಾಂಟನ್ ಬಂದರಿನಲ್ಲಿ ಮಾತ್ರ, ಅದೂ ಕಟ್ಟುಪಾಡುಗಳ ನಡುವೆ. ಹೀಗಾಗಿ ರಾಬರ್ಟ್ ಮಾರಿಸನ್ ಎಂಬ ಹಿರಿಯ ಮಿಷನರಿ 1818ರಲ್ಲಿ ಮಲಾಕ್ಕಾದಲ್ಲಿ, ಅಲ್ಲಿ ನೆಲೆಸಿದ್ದ ಚೀನೀಯರ ನಡುವೆ, ಆಂಗ್ಲೋ-ಚೈನೀಸ್ ಕಾಲೇಜು ತೆರೆದಿದ್ದರು. ಲೆಗ್ 1840ರ ಆರಂಭದಲ್ಲಿ ಅಲ್ಲಿಗೆ ತಲುಪಿದರು, ಬೇಗನೆ ಅದರ ಮುಖ್ಯಸ್ಥರಾದರು. ಅಫೀಮು ಯುದ್ಧ ಮುಗಿದು 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಕೈಗೆ ಬಂದಾಗ, 1843ರಲ್ಲಿ ಕಾಲೇಜನ್ನೂ ಅಲ್ಲಿಗೆ ಸಾಗಿಸಿದರು.

ಧರ್ಮಪ್ರಚಾರಕ್ಕೆ ಹೋದವರಿಗೆ ಕನ್ಫ್ಯೂಷಿಯಸ್ ಓದುವ ಗರಜು ಏನಿತ್ತು?

ಬಹಳ ಮಿಷನರಿಗಳು ಆ ಗರಜು ಇಲ್ಲ ಎಂದೇ ಭಾವಿಸಿದ್ದರು. ಲೆಗ್ ಹಾಗೆ ಭಾವಿಸಲಿಲ್ಲ. ಚೀನಾದ ಜನ ಯಾವ ಗ್ರಂಥಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಅಧಿಕಾರಿಗಳಾಗುತ್ತಿದ್ದರೋ, ಯಾವ ಮಾತುಗಳಿಂದ ಮನೆ, ಕುಲ, ರಾಜ್ಯ ನಡೆಸುತ್ತಿದ್ದರೋ, ಅವನ್ನು ಪೂರ್ತಿ ಅರಗಿಸಿಕೊಳ್ಳುವವರೆಗೆ ತನ್ನ ಕೆಲಸಕ್ಕೆ ತಾನು ಅರ್ಹನಲ್ಲ ಎಂದು ಅವರು ಬರೆದುಕೊಂಡಿದ್ದಾರೆ. ಇದು ಪ್ರಚಾರಕನ ಲೆಕ್ಕಾಚಾರವಾಗಿಯೇ ಆರಂಭವಾಯಿತು, ಅನುಮಾನವಿಲ್ಲ. ಆದರೆ ಓದು ಅವರನ್ನು ಆ ಲೆಕ್ಕಾಚಾರದ ಆಚೆಗೆ ಒಯ್ದಿತು.

ಚೀನೀ ಭಾಷೆ ಕಲಿಸಿದ ಗುರು ಯಾರು?

ಮೊದಲ ಪಾಠ ಲಂಡನ್ನಿನಲ್ಲಿ, ಯೂನಿವರ್ಸಿಟಿ ಕಾಲೇಜಿನ ಸ್ಯಾಮ್ಯುಯೆಲ್ ಕಿಡ್ ಅವರಿಂದ. ಕಿಡ್ ಕೂಡ ಮಲಾಕ್ಕಾದಲ್ಲಿದ್ದು ಬಂದವರು. ಅದು ಕೆಲವೇ ತಿಂಗಳ ಪಾಠ. ನಿಜವಾದ ಕಲಿಕೆ ನಡೆದದ್ದು ಚೀನೀ ಸಹೋದ್ಯೋಗಿಗಳ ಜೊತೆ. ಅವರಲ್ಲಿ ಹೋ ಫುಕ್-ಟಾಂಗ್ ಮುಖ್ಯರು. ಲೆಗ್ ಜೊತೆ ಓದಿ ಬೆಳೆದು ಪಾದ್ರಿಯಾದವರು, ಬೈಬಲ್ಲಿಗೆ ಚೀನೀ ಭಾಷೆಯಲ್ಲಿ ವ್ಯಾಖ್ಯಾನ ಬರೆದವರು. ಮಾರಿಸನ್ ಅವರ ನಿಘಂಟು ಆಗಲೇ ಅಚ್ಚಾಗಿತ್ತು, ಅದೂ ಕೈಯಲ್ಲಿತ್ತು. ಶಾಲೆಯಲ್ಲಿ ಗಟ್ಟಿಯಾಗಿ ಕಲಿತ ಲ್ಯಾಟಿನ್ನಿನ ಶಿಸ್ತು ಇದಕ್ಕೆಲ್ಲ ಅಡಿಪಾಯ. ಬೆಳಗಿನ ಜಾವ ಮೂರಕ್ಕೆ ಎದ್ದು ಓದಲು ಕೂರುವ ಅಭ್ಯಾಸವನ್ನು ಅವರು ಮುಪ್ಪಿನವರೆಗೂ ಬಿಡಲಿಲ್ಲ ಎಂದು ಮಗಳು ಬರೆದ ಜೀವನಚರಿತ್ರೆ ಹೇಳುತ್ತದೆ.

## ಅನುವಾದದ ಕೆಲಸ

ಅವರು ಒಟ್ಟು ಏನೇನು ಅನುವಾದ ಮಾಡಿದ್ದಾರೆ?

ಎರಡು ದೊಡ್ಡ ಕಂತುಗಳಲ್ಲಿ ನೋಡಬೇಕು. ಹಾಂಗ್‌ಕಾಂಗ್‌ನಿಂದ 1861ರಿಂದ 1872ರವರೆಗೆ ಬಂದದ್ದು ‘ದಿ ಚೈನೀಸ್ ಕ್ಲಾಸಿಕ್ಸ್’ ಎಂಬ ಐದು ಸಂಪುಟ. 1861ರಲ್ಲಿ ಕನ್ಫ್ಯೂಷಿಯಸ್‌ನ ಸಂಭಾಷಣೆಗಳು ಮತ್ತು ಜೊತೆಯ ಎರಡು ಕಿರುಗ್ರಂಥಗಳು, ಅದೇ ವರ್ಷ ಕನ್ಫ್ಯೂಷಿಯಸ್ ಪರಂಪರೆಯ ಚಿಂತಕ ಮೆನ್ಷಿಯಸ್‌ನ ಗ್ರಂಥ, 1865ರಲ್ಲಿ ಪ್ರಾಚೀನ ರಾಜರ ದಾಖಲೆಗಳ ‘ಶೂ ಚಿಂಗ್’, 1871ರಲ್ಲಿ ಕಾವ್ಯಸಂಗ್ರಹ ‘ಶಿ ಚಿಂಗ್’, 1872ರಲ್ಲಿ ‘ವಸಂತ-ಶರತ್’ ಇತಿಹಾಸ ಮತ್ತು ಅದರ ಮೇಲಿನ ‘ತ್ಸೊ’ ವ್ಯಾಖ್ಯಾನ.

ಎರಡನೆಯ ಕಂತು ಆಕ್ಸ್‌ಫರ್ಡ್‌ನದು. ಮ್ಯಾಕ್ಸ್ ಮುಲ್ಲರ್ ಸಂಪಾದಿಸುತ್ತಿದ್ದ ‘ಪೂರ್ವದ ಪವಿತ್ರ ಗ್ರಂಥಗಳು’ ಮಾಲೆಗೆ ಲೆಗ್ ಆರು ಸಂಪುಟ ಕೊಟ್ಟರು. ನಮ್ಮ ಉಪನಿಷತ್ತುಗಳು, ಧರ್ಮಸೂತ್ರಗಳು ಇಂಗ್ಲಿಷಿಗೆ ಹೋದದ್ದೂ ಇದೇ ಮಾಲೆಯಲ್ಲಿ. 1882ರಲ್ಲಿ ಶಕುನ ನೋಡುವ ಪ್ರಾಚೀನ ಗ್ರಂಥ ‘ಯಿ ಚಿಂಗ್’, 1885ರ ಎರಡು ಸಂಪುಟಗಳ ವಿಧಿ-ಆಚಾರ ಗ್ರಂಥ ‘ಲಿ ಚಿ’, 1891ರಲ್ಲಿ ದಾವೋ ಪಂಥದ ಲಾವೋತ್ಸೆ ಮತ್ತು ಚುವಾಂಗ್‌ತ್ಸೆ ಗ್ರಂಥಗಳು ಇದರಲ್ಲಿ ಸೇರಿವೆ.

ಬರೀ ಅನುವಾದ ಕೊಟ್ಟರೆ ಸಾಕಿತ್ತಲ್ಲ, ಪುಟದ ತುಂಬಾ ಅಷ್ಟೊಂದು ಟಿಪ್ಪಣಿ ಯಾಕೆ?

‘ಚೈನೀಸ್ ಕ್ಲಾಸಿಕ್ಸ್’ನ ಒಂದು ಪುಟ ತೆರೆದರೆ ಮೇಲೆ ಚೀನೀ ಮೂಲ, ನಡುವೆ ಇಂಗ್ಲಿಷ್, ಕೆಳಗೆ ಸಣ್ಣಕ್ಷರದ ಟಿಪ್ಪಣಿ. ಎಷ್ಟೋ ಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಟಿಪ್ಪಣಿಯದೇ. ನೂರು ಓದುಗರಲ್ಲಿ ತೊಂಬತ್ತೊಂಬತ್ತು ಜನ ಈ ಉದ್ದನೆಯ ಟಿಪ್ಪಣಿಗಳನ್ನು ಲೆಕ್ಕಿಸದಿರಬಹುದು, ಆದರೆ ನೂರನೆಯವನು ಬಂದೇ ಬರುತ್ತಾನೆ, ಅವನಿಗೆ ಇವು ಒಂದಿಷ್ಟೂ ಉದ್ದವೆನಿಸುವುದಿಲ್ಲ, ಆ ಒಬ್ಬನಿಗಾಗಿ ಬರೆಯುತ್ತೇನೆ ಎಂಬುದು ಲೆಗ್ ನಿಲುವು.

ಸಂಸ್ಕೃತ ಕಾವ್ಯವನ್ನು ಮಲ್ಲಿನಾಥನ ವ್ಯಾಖ್ಯಾನವಿಟ್ಟುಕೊಂಡು ಓದಿದವರಿಗೆ ಇದು ಹೊಸದೆನಿಸದು. ಚೀನಾದಲ್ಲೂ ಮೂಲವನ್ನು ಯಾರೂ ಬರಿದಾಗಿ ಓದುತ್ತಿರಲಿಲ್ಲ. ಎರಡು ಸಾವಿರ ವರ್ಷಗಳ ವ್ಯಾಖ್ಯಾನ ಪರಂಪರೆ ಅದರ ಜೊತೆಗಿತ್ತು. ಹನ್ನೆರಡನೆಯ ಶತಮಾನದ ಚು ಶಿ ಹೀಗೆ ಹೇಳುತ್ತಾನೆ, ಹಾನ್ ಕಾಲದವರು ಹಾಗೆ ಹೇಳುತ್ತಾರೆ, ಇತ್ತೀಚಿನ ಛಿಂಗ್ ಕಾಲದ ಪಂಡಿತರು ಇಬ್ಬರನ್ನೂ ಒಪ್ಪುವುದಿಲ್ಲ, ನನಗೆ ಇದು ಸರಿ ಕಾಣುತ್ತದೆ ಎಂದು ಲೆಗ್ ಎಲ್ಲವನ್ನೂ ಓದುಗನ ಮುಂದಿಟ್ಟರು. ತಮ್ಮ ತೀರ್ಮಾನವನ್ನು ಪ್ರಶ್ನಿಸಲು ಬೇಕಾದ ಸಾಮಗ್ರಿಯನ್ನು ತಾವೇ ಒದಗಿಸಿದರು. ಈ ಸಂಪುಟಗಳನ್ನು ಇಂದಿಗೂ ತೆರೆಯುವಂತೆ ಮಾಡಿರುವುದು ಈ ಟಿಪ್ಪಣಿಗಳೇ. ಶೀರ್ಷಿಕೆ ಪುಟದ ಮೇಲೆ ಅವರು ಮೆನ್ಷಿಯಸ್‌ನ ಮಾತೊಂದನ್ನು ಚೀನೀ ಲಿಪಿಯಲ್ಲೇ ಅಚ್ಚು ಹಾಕಿಸಿದ್ದರು. ಪದಕ್ಕೆ ಅಂಟಿಕೊಂಡು ವಾಕ್ಯವನ್ನು ಕೆಡಿಸಬೇಡ, ವಾಕ್ಯಕ್ಕೆ ಅಂಟಿಕೊಂಡು ಆಶಯವನ್ನು ಕೆಡಿಸಬೇಡ, ನಿನ್ನ ಮನಸ್ಸಿನಿಂದ ಕವಿಯ ಆಶಯವನ್ನು ಎದುರುಗೊಳ್ಳು ಎಂಬುದು ಅದರ ಅರ್ಥ.

ಅಫೀಮು ವ್ಯಾಪಾರಿಗಳ ದುಡ್ಡಿನಲ್ಲಿ ಅಚ್ಚಾದ ಪುಸ್ತಕಗಳಂತೆ, ನಿಜವೇ?

ನಿಜ. ಮೊದಲ ಸಂಪುಟಗಳ ಅಚ್ಚಿನ ಖರ್ಚು ಹೊತ್ತವರು ಜಾರ್ಡೀನ್ ಮ್ಯಾಥೆಸನ್ ಕಂಪನಿಯ ಜೋಸೆಫ್ ಜಾರ್ಡೀನ್. ಅವರು ತೀರಿದ ಮೇಲೆ ಸೋದರ ರಾಬರ್ಟ್ ಆ ನೆರವನ್ನು ಮುಂದುವರಿಸಿದರು. ಆ ಕಂಪನಿ ಬೆಳೆದದ್ದು ಭಾರತದಿಂದ ಚೀನಾಕ್ಕೆ ಅಫೀಮು ಸಾಗಿಸಿ. ಮಾಳವ, ಬಿಹಾರದ ಹೊಲಗಳ ಬೆವರು ಕೂಡ ಈ ಪುಟಗಳಲ್ಲಿದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಲೆಗ್ ಅಫೀಮು ವ್ಯಾಪಾರದ ವಿರೋಧಿಯಾಗಿದ್ದರು, ಬ್ರಿಟನ್ನಿಗೆ ಮರಳಿದ ಮೇಲೆ ಅದರ ವಿರುದ್ಧ ಬಹಿರಂಗವಾಗಿಯೇ ಮಾತನಾಡಿದರು. ಆದರೆ ಹಣ ತೆಗೆದುಕೊಂಡರು. ಅದಿಲ್ಲದೆ ಚೀನೀ ಅಚ್ಚುಮೊಳೆಗಳ ಇಂಥ ದುಬಾರಿ ಗ್ರಂಥ ಹೊರಬರುತ್ತಿರಲಿಲ್ಲ. ಎರಡೂ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ನ್ಯಾಯವಲ್ಲ.

ನಿಜವಾದ ಕೆಲಸ ಮಾಡಿದ್ದು ವಾಂಗ್ ಟಾವೊ, ಹೆಸರು ಬಂದದ್ದು ಲೆಗ್‌ಗೆ ಅಂತಾರಲ್ಲ?

ಈ ಪ್ರಶ್ನೆ ಕೇಳುವವರ ಕಾಳಜಿ ಸರಿಯಾದದ್ದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ವಾಂಗ್ ಟಾವೊ 1828ರಲ್ಲಿ ಸೂಚೌ ಬಳಿ ಹುಟ್ಟಿದವರು. ಶಾಸ್ತ್ರಗ್ರಂಥಗಳಲ್ಲಿ ಪಳಗಿದ್ದರು. ಶಾಂಘೈನ ಮಿಷನ್ ಮುದ್ರಣಾಲಯದಲ್ಲಿ ಕೆಲಸದಲ್ಲಿದ್ದರು. ಚೀನಾದ ಛಿಂಗ್ ಅರಸರ ವಿರುದ್ಧ ಎದ್ದಿದ್ದ ತೈಪಿಂಗ್ ಬಂಡಾಯಗಾರರಿಗೆ ಪತ್ರ ಬರೆದರೆಂಬ ಆರೋಪ ಬಂದು, 1862ರಲ್ಲಿ ಬ್ರಿಟಿಷರ ನೆರವಿನಿಂದ ಹಾಂಗ್‌ಕಾಂಗ್‌ಗೆ ತಪ್ಪಿಸಿಕೊಂಡು ಬಂದರು. ಆಗ ಲೆಗ್ ಜೊತೆ ಸೇರಿಕೊಂಡರು. ಒಂದೊಂದು ಗ್ರಂಥಕ್ಕೂ ಇರುವ ಅಷ್ಟೂ ವ್ಯಾಖ್ಯಾನಗಳನ್ನು ಹುಡುಕಿ, ಹೋಲಿಸಿ, ಸಂಗ್ರಹಿಸಿ ಲೆಗ್ ಮುಂದಿಡುವುದು ವಾಂಗ್ ಕೆಲಸ. ಲೆಗ್ ಅದನ್ನು ಓದಿ, ಚರ್ಚಿಸಿ, ಕೆಲವೊಮ್ಮೆ ವಾಂಗ್ ಅಭಿಪ್ರಾಯವನ್ನು ಹೆಸರು ಹೇಳಿಯೇ ಒಪ್ಪಿ, ಕೆಲವೊಮ್ಮೆ ತಳ್ಳಿಹಾಕಿ ಅನುವಾದಿಸುತ್ತಿದ್ದರು. ವಾಂಗ್‌ಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಹಾಗಾಗಿ ಅನುವಾದ ಅವರದ್ದಲ್ಲ. ಆದರೆ ಮೂರರಿಂದ ಐದನೆಯ ಸಂಪುಟದವರೆಗಿನ ಟಿಪ್ಪಣಿಗಳ ಆಳಕ್ಕೆ ಅವರ ದುಡಿಮೆ ಬಹುಪಾಲು ಕಾರಣ.

1867ರಲ್ಲಿ ಲೆಗ್ ಸ್ಕಾಟ್ಲೆಂಡಿಗೆ ಹೋದಾಗ ವಾಂಗ್ ಅವರನ್ನೂ ಕರೆಸಿಕೊಂಡರು. ಡಾಲರ್ ಎಂಬ ಹಳ್ಳಿಯಂಥ ಊರಿನಲ್ಲಿ ಇಬ್ಬರೂ 1870ರವರೆಗೆ ಕೆಲಸ ಮುಂದುವರಿಸಿದರು. ಆ ಅವಧಿಯಲ್ಲಿ ವಾಂಗ್ ಆಕ್ಸ್‌ಫರ್ಡ್‌ನಲ್ಲಿ ಚೀನೀ ಭಾಷೆಯಲ್ಲೇ ಭಾಷಣ ಮಾಡಿದರು. ಹಾಂಗ್‌ಕಾಂಗ್‌ಗೆ ಮರಳಿ 1874ರಲ್ಲಿ ‘ಶುನ್‌ಹುವಾನ್ ರಿಬಾವೊ’ ಎಂಬ ಪತ್ರಿಕೆ ಆರಂಭಿಸಿದರು, ಚೀನೀ ಪತ್ರಿಕೋದ್ಯಮದ ಆದ್ಯರಲ್ಲಿ ಒಬ್ಬರೆನಿಸಿದರು. ಲೆಗ್ ಮುನ್ನುಡಿಯಲ್ಲಿ ವಾಂಗ್ ವಿದ್ವತ್ತನ್ನು ತಾನು ಕಂಡ ಚೀನೀಯರಲ್ಲೇ ಮೇಲು ಎಂದು ಮೆಚ್ಚಿ ಬರೆದರು. ಮುಖಪುಟದ ಮೇಲೆ ಮಾತ್ರ ಒಂದೇ ಹೆಸರು ಉಳಿಯಿತು. ಇಂದು ಅಚ್ಚಾಗುವುದಿದ್ದರೆ ಎರಡು ಹೆಸರಿರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

## ಪಾಠ ಹೇಳಿದ ಲೆಗ್

ಹಾಂಗ್‌ಕಾಂಗ್‌ನಲ್ಲಿ ಅವರು ಕಟ್ಟಿದ ಶಾಲೆ ಈಗಲೂ ಇದೆಯಾ?

ಅವರು ಮಲಾಕ್ಕಾದಿಂದ ತಂದ ಕಾಲೇಜು ಉಳಿಯಲಿಲ್ಲ. ಪಾದ್ರಿಗಳನ್ನು ತಯಾರು ಮಾಡುವುದು ಅದರ ಗುರಿಯಾಗಿತ್ತು, ಹುಡುಗರು ಇಂಗ್ಲಿಷ್ ಕಲಿತು ವ್ಯಾಪಾರಕ್ಕೆ, ಸರ್ಕಾರಿ ಕೆಲಸಕ್ಕೆ ಹೋದರು. 1856ರಲ್ಲಿ ಅದನ್ನು ಮುಚ್ಚಿದರು.

ಆಮೇಲೆ ಅವರು ಮಾಡಿದ್ದು ಹೆಚ್ಚು ಬಾಳಿತು. ಚದುರಿಹೋಗಿದ್ದ ಸರ್ಕಾರಿ ಶಾಲೆಗಳನ್ನು ಒಟ್ಟುಗೂಡಿಸಿ, ಧರ್ಮಬೋಧೆಯನ್ನು ಕೇಂದ್ರದಲ್ಲಿಡದ ಒಂದು ದೊಡ್ಡ ಶಾಲೆ ಬೇಕೆಂದು ಅವರು ಸರ್ಕಾರಕ್ಕೆ ಸಲಹೆ ಕೊಟ್ಟರು. ಅದರಂತೆ 1862ರಲ್ಲಿ ಸೆಂಟ್ರಲ್ ಸ್ಕೂಲ್ ತೆರೆಯಿತು. ಮಿಷನರಿಯೊಬ್ಬರು ಇಂಥ ಸಲಹೆ ಕೊಟ್ಟದ್ದು ಗಮನಿಸಬೇಕಾದ ಸಂಗತಿ. ಮುಂದೆ ಸುನ್ ಯಾತ್-ಸೆನ್ ಅಲ್ಲಿ ಓದಿದರು. ಅದೇ ಶಾಲೆ ಇಂದಿನ ಕ್ವೀನ್ಸ್ ಕಾಲೇಜು.

ಆಕ್ಸ್‌ಫರ್ಡ್‌ನಲ್ಲಿ ಅವರ ಪಾಠಕ್ಕೆ ಯಾರು ಬರುತ್ತಿದ್ದರು?

ಬೆರಳೆಣಿಕೆಯ ಜನ. ಚೀನೀ ಭಾಷೆ ಕಲಿತವರಿಗೆ ಪದವಿಯೂ ಇರಲಿಲ್ಲ, ಕೆಲಸದ ಭರವಸೆಯೂ ಇರಲಿಲ್ಲ. ಪೀಠ ಸ್ಥಾಪನೆಯಾದದ್ದೇ ಚೀನಾ ವ್ಯಾಪಾರದಲ್ಲಿದ್ದವರು ಸೇರಿಸಿದ ನಿಧಿಯಿಂದ. ಸಂಬಳ ಕಡಿಮೆ. ಇನ್ನೊಂದು ವಿಷಯವೂ ಇದೆ. ಆಂಗ್ಲಿಕನ್ ಅಲ್ಲದವರಿಗೆ ಆಕ್ಸ್‌ಫರ್ಡ್‌ನ ಹುದ್ದೆಗಳು ಪೂರ್ತಿ ತೆರೆದದ್ದೇ 1871ರ ಕಾನೂನಿನಿಂದ. ಸ್ಕಾಟ್ಲೆಂಡಿನ ಕಾಂಗ್ರಿಗೇಷನಲ್ ಪಂಥದ ಲೆಗ್ ಅಲ್ಲಿ ಹೊರಗಿನವರೇ.

ಆದರೂ ಇಪ್ಪತ್ತೊಂದು ವರ್ಷ ಪಾಠ ಹೇಳಿದರು. ಖಾಲಿ ಬೆಂಚುಗಳ ಕಾರಣಕ್ಕೆ ತಯಾರಿ ಕಡಿಮೆ ಮಾಡಿದವರಲ್ಲ. ಆ ವರ್ಷಗಳ ಉಪನ್ಯಾಸಗಳ ಬೆನ್ನಿಗೇ ಆರು ಸಂಪುಟಗಳು ಬಂದವು. ತರಗತಿಯಲ್ಲಿ ಕೂರದ ವಿದ್ಯಾರ್ಥಿಗಳಿಗೆ ಅವು ತಲುಪಿದವು.

## ಜಟಿಲವಾದ ಪ್ರಶ್ನೆಗಳು

ಕನ್ಫ್ಯೂಷಿಯಸ್ ದೊಡ್ಡ ಮನುಷ್ಯನೇ ಅಲ್ಲ ಅಂತ ಲೆಗ್ ಬರೆದಿದ್ದರಂತೆ, ಅಂಥವರನ್ನು ಯಾಕೆ ಹೊಗಳಬೇಕು?

ಬರೆದಿದ್ದರು. 1861ರ ಮೊದಲ ಸಂಪುಟದ ಪೀಠಿಕೆಯಲ್ಲಿ, ಕನ್ಫ್ಯೂಷಿಯಸ್‌ನನ್ನು ಮಹಾಪುರುಷ ಎಂದು ಒಪ್ಪಲು ತನಗೆ ಆಗುತ್ತಿಲ್ಲ ಎಂದಿದ್ದರು. 1893ರ ಪರಿಷ್ಕೃತ ಆವೃತ್ತಿಯಲ್ಲಿ ಆ ಜಾಗವನ್ನು ತಿದ್ದಿದರು. ಅವನ ಸ್ವಭಾವವನ್ನೂ ವಿಚಾರಗಳನ್ನೂ ಹೆಚ್ಚು ಹೆಚ್ಚು ಅಭ್ಯಾಸ ಮಾಡಿದಂತೆ ತನ್ನ ಗೌರವ ಹೆಚ್ಚುತ್ತ ಬಂದಿದೆ, ಅವನು ನಿಜಕ್ಕೂ ಬಹಳ ದೊಡ್ಡ ಮನುಷ್ಯ ಎಂಬ ಅರ್ಥದ ಮಾತು ಅಲ್ಲಿ ಬಂತು. ಹೀಗೆ ತಿದ್ದುವಾಗ ಲೆಗ್ ಎಪ್ಪತ್ತೇಳು ದಾಟಿದ್ದರು. ಜಗತ್ತು ಅವರನ್ನು ಚೀನೀ ವಿದ್ವತ್ತಿನ ಕೊನೆಯ ಮಾತೆಂದು ಒಪ್ಪಿಯಾಗಿತ್ತು, ಯಾರೂ ತಿದ್ದಲು ಕೇಳಿರಲಿಲ್ಲ.

‘ಯಿ ಚಿಂಗ್’ ಕಥೆಯೂ ಇದೇ ಜಾತಿಯದು. 1854-55ರಲ್ಲೇ ಅವರು ಅದರ ಪೂರ್ಣ ಅನುವಾದ ಬರೆದಿಟ್ಟಿದ್ದರು. 1870ರಲ್ಲಿ ಹಸ್ತಪ್ರತಿ ಒಂದು ತಿಂಗಳಿಗೂ ಹೆಚ್ಚು ಕೆಂಪು ಸಮುದ್ರದ ನೀರಿನಲ್ಲಿ ನೆನೆಯಿತು. ಜೋಪಾನವಾಗಿ ಬಿಡಿಸಿ ಒಣಗಿಸಿ ಓದುವಂತೆ ಉಳಿಸಿಕೊಂಡರು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದನ್ನು 1874ರ ನಂತರ ಮತ್ತೆ ಅಭ್ಯಾಸಕ್ಕೆ ಕುಳಿತಾಗ, ಆ ಗ್ರಂಥದ ರಚನೆಯೇ ತನಗೆ ಆಗ ತಿಳಿದಿರಲಿಲ್ಲ, ಇಪ್ಪತ್ತು ವರ್ಷದ ಹಿಂದಿನ ದುಡಿಮೆ ಪ್ರಯೋಜನಕ್ಕೆ ಬಾರದು ಎಂದು ಕಂಡು ಪಕ್ಕಕ್ಕಿಟ್ಟರು. ಮೊದಲಿಂದ ಶುರುಮಾಡಿ 1882ರಲ್ಲಿ ಪ್ರಕಟಿಸಿದರು. ಇದನ್ನೆಲ್ಲ ಮುನ್ನುಡಿಯಲ್ಲಿ ತಾವೇ ಹೇಳಿದ್ದಾರೆ. ನಾನು ಹೊಗಳುವುದು ಇದನ್ನು.

ಬೀಜಿಂಗ್‌ನಲ್ಲಿ ಬೂಟು ಕಳಚಿ ನಿಂತರು ಅನ್ನೋ ಘಟನೆ ಏನು? ಅದಕ್ಕೆ ಮಿಷನರಿಗಳು ಯಾಕೆ ಸಿಟ್ಟಾದರು?

1873ರಲ್ಲಿ, ಹಾಂಗ್‌ಕಾಂಗ್ ಬಿಟ್ಟು ಊರಿಗೆ ಮರಳುವ ಮೊದಲು, ಲೆಗ್ ಉತ್ತರ ಚೀನಾದ ಪ್ರಯಾಣ ಮಾಡಿದರು. ಛೂಫುವಿನಲ್ಲಿ ಕನ್ಫ್ಯೂಷಿಯಸ್ ಸಮಾಧಿ ನೋಡಿದರು. ಬೀಜಿಂಗ್‌ನ ‘ಟೆಂಪಲ್ ಆಫ್ ಹೆವನ್’ನಲ್ಲಿ, ಚೀನಾದ ಚಕ್ರವರ್ತಿ ವರ್ಷಕ್ಕೊಮ್ಮೆ ಆಕಾಶದ ಅಧಿಪತಿಗೆ ಬಲಿ ಅರ್ಪಿಸುತ್ತಿದ್ದ ಬಯಲು ವೇದಿಕೆಯ ಮೇಲೆ, ಬೂಟು ಕಳಚಿ ಜೊತೆಯವರೊಂದಿಗೆ ಕ್ರೈಸ್ತ ಸ್ತುತಿಗೀತೆ ಹಾಡಿದರು. ಗುಡಿಯ ಮುಂದೆ ಚಪ್ಪಲಿ ಬಿಡುವ ನಮಗೆ ಇದು ಸಹಜ. ಅವರ ಸಹಪಂಥೀಯರಿಗೆ ಇದು ವಿಗ್ರಹಾರಾಧಕರ ಜಾಗಕ್ಕೆ ತೋರಿದ ಗೌರವ.

ಇದರ ಹಿಂದೆ ದೀರ್ಘ ವಿವಾದವಿದೆ. ಬೈಬಲ್ಲಿನ ದೇವರನ್ನು ಚೀನೀ ಭಾಷೆಯಲ್ಲಿ ಏನೆಂದು ಕರೆಯಬೇಕು? ಪ್ರಾಚೀನ ಗ್ರಂಥಗಳ ‘ಶಾಂಗ್‌ಡಿ’ (ಮೇಲಿನ ಒಡೆಯ) ಎಂಬವನೇ ಆ ದೇವರು, ಚೀನೀಯರು ಮೊದಲಿನಿಂದಲೂ ಅವನನ್ನು ಬಲ್ಲರು ಎಂಬುದು ಲೆಗ್ ವಾದ. ಅಮೆರಿಕದ ಅನೇಕ ಮಿಷನರಿಗಳು ಯಾವ ದೈವಕ್ಕೂ ಬಳಸುವ ‘ಶೆನ್’ ಪದವೇ ಸರಿ ಎಂದರು. ಲೆಗ್ ವಾದ ಒಪ್ಪಿದರೆ ಚೀನಾದ ಜನರನ್ನು ದೇವರನ್ನರಿಯದ ಕತ್ತಲಿನವರು ಎನ್ನಲಾಗುವುದಿಲ್ಲ. ಸಿಟ್ಟಿನ ಮೂಲ ಅದು. 1877ರಲ್ಲಿ ಶಾಂಘೈ ಮಿಷನರಿ ಸಮ್ಮೇಳನದಲ್ಲಿ ಅವರ ಗೈರುಹಾಜರಿಯಲ್ಲಿ ಓದಲಾದ ಪ್ರಬಂಧವನ್ನು ಸಮ್ಮೇಳನದ ಮುದ್ರಿತ ವರದಿಯಿಂದಲೇ ಕೈಬಿಟ್ಟರು. ‘ಪೂರ್ವದ ಪವಿತ್ರ ಗ್ರಂಥಗಳು’ ಮಾಲೆಯ 1879ರ ಸಂಪುಟದಲ್ಲಿ ಅವರು ‘ಶಾಂಗ್‌ಡಿ’ ಪದವನ್ನು ‘ದೇವರು’ ಎಂದು ಅನುವಾದಿಸಿದಾಗ, ಮಿಷನರಿಗಳ ಗುಂಪೊಂದು ಮ್ಯಾಕ್ಸ್ ಮುಲ್ಲರ್‌ಗೆ ಆಕ್ಷೇಪಣೆಯ ಪತ್ರ ಬರೆಯಿತು. ಮುಲ್ಲರ್ ಲೆಗ್ ಪರ ನಿಂತರು. ಚೀನೀ ಬೈಬಲ್ ಇಂದಿಗೂ ಎರಡೂ ಪದಗಳ ಎರಡು ಬೇರೆ ಮುದ್ರಣಗಳಲ್ಲಿ ಸಿಗುತ್ತದೆ.

ಇದೆಲ್ಲ ವಸಾಹತುಶಾಹಿ ವಿದ್ವತ್ತಲ್ಲವೇ?

ವಸಾಹತಿನ ನೆಲದ ಮೇಲೆ ನಿಂತ ವಿದ್ವತ್ತು, ಹೌದು. ಯುದ್ಧದಲ್ಲಿ ಕಿತ್ತುಕೊಂಡ ದ್ವೀಪದಲ್ಲಿ ಅವರ ಮನೆಯಿತ್ತು. ಕ್ರೈಸ್ತಧರ್ಮವೇ ಶ್ರೇಷ್ಠ ಎಂಬ ನಂಬಿಕೆಯನ್ನು ಅವರು ಎಂದೂ ಬಿಡಲಿಲ್ಲ. 1880ರ ‘ದಿ ರಿಲಿಜನ್ಸ್ ಆಫ್ ಚೈನಾ’ ಕೂಡ ಆ ನಂಬಿಕೆಯಲ್ಲೇ ಮುಗಿಯುತ್ತದೆ. ಪಿನಾಂಗ್‌ನಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ಓದಿದ ಗು ಹೊಂಗ್‌ಮಿಂಗ್ ಅವರು, ಲೆಗ್ ಅನುವಾದದಲ್ಲಿ ಪಾಂಡಿತ್ಯವಿದೆ, ಜೀವವಿಲ್ಲ ಎಂದು ಟೀಕಿಸಿ 1898ರಲ್ಲಿ ಕನ್ಫ್ಯೂಷಿಯಸ್‌ನನ್ನು ತಾವೇ ಇಂಗ್ಲಿಷಿಗೆ ತಂದರು. ಅವರ ಟೀಕೆಯಲ್ಲಿ ಹುರುಳಿದೆ. ಲೆಗ್ ಇಂಗ್ಲಿಷ್ ಅನೇಕ ಕಡೆ ಮರಗಟ್ಟಿದೆ, ಕಾವ್ಯದಲ್ಲಂತೂ ತೀರ ನೀರಸ.

ಆದರೆ ಎದುರಿನ ಪರಂಪರೆಯ ಪಂಡಿತರನ್ನು ಹೆಸರಿನಿಂದ ಉಲ್ಲೇಖಿಸಿ, ಅವರೊಡನೆ ವಾದಕ್ಕೆ ಕುಳಿತು, ಅವರ ಮುಂದೆ ತಮ್ಮ ತೀರ್ಪನ್ನು ಬದಲಿಸಿಕೊಂಡ ಕೃತಿಯನ್ನು ಆಳುವವರ ಹತ್ಯಾರು ಎಂದಷ್ಟೇ ಕರೆದರೆ, ಅದನ್ನು ಓದಿಲ್ಲ ಎಂದೇ ಅರ್ಥ.

ನಮ್ಮ ಕಿಟೆಲ್ ಜೊತೆ ಹೋಲಿಸಬಹುದಾ?

ಹೋಲಿಸಬಹುದು. ಕಾಲ ಒಂದೇ. ಲೆಗ್ ಅವರ ಐದನೆಯ ಸಂಪುಟ ಬಂದ 1872ರಲ್ಲೇ ಕಿಟೆಲ್ ಸಂಪಾದಿಸಿದ ‘ಶಬ್ದಮಣಿದರ್ಪಣ’ ಮಂಗಳೂರಿನಿಂದ ಬಂತು. ಇಬ್ಬರೂ ಮಿಷನರಿಗಳು, ಇಬ್ಬರಿಗೂ ನೆಲದ ಪಂಡಿತರೇ ಆಸರೆ. ಕಿಟೆಲ್ ಭಾಷೆಯ ಬೇರಿಗೆ ಹೋಗಿ 1894ರ ನಿಘಂಟು ಕೊಟ್ಟರು, ಲೆಗ್ ಗ್ರಂಥಗಳ ಒಳಗೇ ಉಳಿದರು.

ಹೋಲಿಕೆಯಷ್ಟೇ ಅಲ್ಲ, ನಿಜವಾದ ನಂಟೂ ಇದೆ. ಮಂಗಳೂರು, ಧಾರವಾಡಗಳಲ್ಲಿ ದುಡಿದ ಬಾಸೆಲ್ ಮಿಷನ್ ದಕ್ಷಿಣ ಚೀನಾದ ಹಕ್ಕಾ ಜನರ ನಡುವೆಯೂ ಇತ್ತು. ಅದರ ಥಿಯೊಡೋರ್ ಹಾಂಬರ್ಗ್ 1853ರಲ್ಲಿ ದೀಕ್ಷಾಸ್ನಾನ ಕೊಟ್ಟ ಹೊಂಗ್ ರೆನ್‌ಗಾನ್ ಎಂಬ ಯುವಕ ಆಮೇಲೆ ಹಾಂಗ್‌ಕಾಂಗ್‌ನಲ್ಲಿ ಲೆಗ್ ಜೊತೆಗಾರನಾದ. ಅವನು ತೈಪಿಂಗ್ ನಾಯಕನ ಬಂಧು. 1858ರಲ್ಲಿ ಹಾಂಗ್‌ಕಾಂಗ್ ಬಿಟ್ಟು, ಮರುವರ್ಷ ನಾನ್‌ಕಿಂಗ್‌ನಲ್ಲಿ ಬಂಡಾಯದ ರಾಜ್ಯದ ಮುಖ್ಯ ಮಂತ್ರಿಯಂಥ ಸ್ಥಾನಕ್ಕೇರಿದ. 1864ರಲ್ಲಿ ಅವನಿಗೆ ಮರಣದಂಡನೆಯಾಯಿತು.

ಲೆಗ್ ಭಾರತದ ಬಗ್ಗೆ ಏನಾದರೂ ಬರೆದಿದ್ದಾರಾ?

1886ರಲ್ಲಿ ಫಾಹಿಯಾನ್‌ನ ಪ್ರವಾಸಕಥನ ಅನುವಾದಿಸಿದರು. ವಿನಯಪಿಟಕದ ಪ್ರತಿಗಳನ್ನು ಹುಡುಕಿ ಕ್ರಿ.ಶ. 399ರಲ್ಲಿ ಛಾಂಗ್‌ಆನ್‌ನಿಂದ ಹೊರಟು ಪಾಟಲಿಪುತ್ರ, ತಾಮ್ರಲಿಪ್ತಿ, ಸಿಂಹಳ ನೋಡಿ ಹೋದ ಭಿಕ್ಷು ಅವನು. ಜಪಾನಿನ ಬೌದ್ಧ ವಿದ್ವಾಂಸ ನಾಂಜೊ ಬುನ್ಯು ಒದಗಿಸಿದ ಪ್ರತಿಯನ್ನು ಲೆಗ್ ಮೂಲಪಾಠಕ್ಕೆ ಬಳಸಿದರು.

ಅದರಲ್ಲಿ ನಮ್ಮವರು ಓದಲೇಬೇಕಾದ ಒಂದು ಅಧ್ಯಾಯವಿದೆ. ‘ದಕ್ಷಿಣ’ ಎಂಬ ದೇಶದಲ್ಲಿ ಬಂಡೆ ಕೊರೆದು ಮಾಡಿದ ಐದು ಅಂತಸ್ತಿನ ವಿಹಾರವಿದೆ, ಕೆಳಗಿನದು ಆನೆಯ ಆಕಾರ, ಆಮೇಲೆ ಸಿಂಹ, ಕುದುರೆ, ಎತ್ತು, ತುದಿಗೆ ಪಾರಿವಾಳ ಎಂದು ಫಾಹಿಯಾನ್ ಬರೆಯುತ್ತಾನೆ. ದಾರಿ ಅಪಾಯದ್ದು, ಅಲ್ಲಿನ ರಾಜನಿಗೆ ಕಾಣಿಕೆ ಕೊಟ್ಟರೆ ಬೆಂಗಾವಲು ಸಿಗುತ್ತದೆ, ತನಗೆ ಹೋಗಲಾಗಲಿಲ್ಲ, ಕೇಳಿದ್ದನ್ನು ಬರೆದಿದ್ದೇನೆ ಎನ್ನುತ್ತಾನೆ. ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದವನು ಇವನಲ್ಲ, ಎರಡು ಶತಮಾನದ ನಂತರ ಬಂದ ಹ್ಯೂಯೆನ್ ತ್ಸಾಂಗ್. ಅವನ ಕಥನವನ್ನು ಲೆಗ್ ಅನುವಾದಿಸಿಲ್ಲ.

ಈಗ ಓದೋದಾದರೆ ಎಲ್ಲಿಂದ ಶುರು ಮಾಡಲಿ?

ಫಾಹಿಯಾನ್‌ನಿಂದ ಶುರುಮಾಡಿ. ಚಿಕ್ಕ ಪುಸ್ತಕ, ಊರುಗಳ ಹೆಸರು ಗುರುತಾಗುತ್ತವೆ. ಆಮೇಲೆ ಮೆನ್ಷಿಯಸ್. ಲೆಗ್ ಗದ್ಯ ಅತ್ಯಂತ ಸಲೀಸಾಗಿ ಹರಿಯುವುದು ಅಲ್ಲಿ. ಲಾವೋತ್ಸೆಯನ್ನು ಇವರಿಂದ ಓದಬೇಡಿ, ಪ್ರಾಸದ ಹಟಕ್ಕೆ ಅರ್ಥ ಬಿಗಿದುಕೊಂಡಿದೆ, ಆಮೇಲೆ ಬಂದ ಅನುವಾದಗಳು ಮೇಲು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಎಲ್ಲವೂ ಅಂತರ್ಜಾಲದಲ್ಲಿ ಉಚಿತ. ಆದರೆ ಟಿಪ್ಪಣಿ ಕಿತ್ತುಹಾಕಿದ ಪ್ರತಿಗಳೇ ಹೆಚ್ಚು ಓಡಾಡುತ್ತವೆ, ಮೂಲ ಪುಟಗಳ ಸ್ಕ್ಯಾನ್ ಇರುವುದನ್ನೇ ಇಳಿಸಿಕೊಳ್ಳಿ. ಕನ್ಫ್ಯೂಷಿಯಸ್ ಸಂಪುಟವಾದರೆ ಶೀರ್ಷಿಕೆ ಪುಟದ ಇಸವಿ ನೋಡಿ. 1861ರದ್ದು, 1893ರದ್ದು ಎರಡನ್ನೂ ಇಳಿಸಿಕೊಂಡು ಪೀಠಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿ.